ಸೇತುವೆ ಚಿತ್ರದ ಕೆಸರು

ಎಂಜಲಲ್ಲಿ ಹತ್ತಿ ಒದ್ದೆ ಮಾಡಿ ಹಳೇ ಚಿತ್ರ ಒರೆಸುತ್ತೇವೆ ಎಂದರೆ ಜನ ಮೂಗು ಮುರಿಯುತ್ತಾರೆ. ಆದರೆ ಚಿತ್ರ ದುರಸ್ತಿಯ ನನ್ನ ಕಸುಬಿನಲ್ಲಿ ಮೊದಲು ಪರೀಕ್ಷಿಸುವುದು ಅದರಲ್ಲೇ. ಮ್ಯೂಸಿಯಂನ ದೊಡ್ಡ ಯುದ್ಧಚಿತ್ರದ ಗಾಜು ಮೊದಲ ಸಲ ತೆಗೆಸಿ, ಕೆಳಮೂಲೆಯಲ್ಲಿ ಅಂಗೈಯಗಲ ಜಾಗ ಒರೆಸುತ್ತಿದ್ದೆ. ಅದನ್ನು ಬರೆದವನು ನನ್ನ ಅಜ್ಜ. ಶಾಲೆಯ ಪುಸ್ತಕದಲ್ಲಿ, ಅಂಚೆಚೀಟಿಯಲ್ಲಿ ಎಲ್ಲರೂ ನೋಡಿದ ಚಿತ್ರ: ಸೇತುವೆ ಗೆದ್ದ ನಮ್ಮ ಸೈನಿಕರು, ಕೆಸರಲ್ಲಿ ಬಿದ್ದ ಶತ್ರುಗಳು.

ಕೆಸರಿನ ಕಂದು ಬಣ್ಣ ಹತ್ತಿಗೆ ಬಂತು. ಎಣ್ಣೆಬಣ್ಣ ಎಂಜಲಿಗೆ ಬಿಡುವುದಿಲ್ಲ. ಕೊಳೆ ಇರಬೇಕು ಅಂದುಕೊಂಡು ಇನ್ನೂ ನಾಲ್ಕು ಸಲ ಒರೆಸಿದೆ. ಸತ್ತವನೊಬ್ಬನ ಕೈಗಳು ಕಂಡವು. ಬೆನ್ನ ಹಿಂದೆ ತಂತಿಯಲ್ಲಿ ಬಿಗಿದಿದ್ದವು.

ಕೈ ಕಟ್ಟಿಸಿಕೊಂಡು ಯಾರೂ ಯುದ್ಧ ಮಾಡುವುದಿಲ್ಲ.

ಬಾಗಿಲು ಹಾಕಿ ಅಜ್ಜನಿಗೆ ಫೋನ್ ಮಾಡಿ, ಕಂಡದ್ದನ್ನು ಹೇಳಿದೆ.

"ಅಂತೂ ಒರೆಸಿದ್ಯಾ," ಅಂದ. ಅವನಿಗೆ ಖುಷಿ. "ಸೈನ್ಯದೋರು ಕೈ ಮುಚ್ಚು ಅಂದ್ರು, ನೀರಿನ ಬಣ್ಣದಲ್ಲಿ ಮುಚ್ಚಿದೆ. ಆ ಬೂಟುಗಾಲಿನೋರಿಗೆ ಬಣ್ಣದ ಗಂಧ ಎಲ್ಲಿ ಗೊತ್ತು?"

"ಅಜ್ಜಾ, ಮೂರು ಗಂಟೆಗೆ ಚಿತ್ರ ನೋಡೋಕೆ ಕರ್ನಲ್ ಬರ್ತಿದ್ದಾರೆ."

ಸೇತುವೆಯಲ್ಲಿ ಸೈನ್ಯ ನಡೆಸಿದವರು ಅವರೇ. ಈಗ ಪೊಲೀಸು, ಜೈಲು ಎರಡೂ ಅವರ ಕೈಕೆಳಗೆ.

"ಬರ್ಲಿ ಬಿಡು. ಎಂಬತ್ತೆಂಟು ವರ್ಷದ ಮುದುಕನ ಹತ್ರ ಏನು ಕಿತ್ಕೋತಾನೆ?"

"ಸೇತುವೆ ಬಗ್ಗೆ ಬರೆದ ಪತ್ರಕರ್ತನೂ ಹೀಗೇ ಅಂತಿದ್ದ. ಎರಡು ವರ್ಷದಿಂದ ಅವನ ಹೆಂಡತಿ ಠಾಣೆ ಠಾಣೆ ಅಲೀತಿದ್ದಾಳೆ."

ನಾನು ಫೋನ್ ಇಟ್ಟು ಕಂದು ಬಣ್ಣ ಕಲಸಿದೆ. ತಂತಿ ಮುಚ್ಚುವ ಹೊತ್ತಿಗೆ ಕಾರಿಡಾರಿನಲ್ಲಿ ಹೆಜ್ಜೆ ಸದ್ದು.

ಕರ್ನಲ್ ನಾನಂದುಕೊಂಡದ್ದಕ್ಕಿಂತ ಗಿಡ್ಡ. ದನಿ ಮೆತ್ತಗೆ.

"ಹೇಳಮ್ಮ, ಈ ಚಿತ್ರದ ಅರ್ಥ ಏನು?"

ಶಾಲಾಮಕ್ಕಳಿಗೆ ಹೇಳುವುದನ್ನೇ ಒಪ್ಪಿಸಿದೆ. ಬೆಳಕು ಗೆದ್ದವರ ಮೇಲೆ, ಕೆಸರು ಸೋಲಿನ ಗುರುತು.

"ಅವತ್ತು ಕೆಸರೇ ಇರ್ಲಿಲ್ಲ," ಅಂದರು. "ನಾಲ್ಕು ತಿಂಗಳಿಂದ ಹನಿ ಮಳೆ ಬಿದ್ದಿರ್ಲಿಲ್ಲ. ಹೊಳೆ ಒಣಗಿತ್ತು."

ಬಾಗಿ, ತೋರುಬೆರಳಿಂದ ಆ ಮೂಲೆ ಮುಟ್ಟಿದರು. ಬೆರಳು ಕಂದಾಯಿತು. ಅದನ್ನು ಕರವಸ್ತ್ರಕ್ಕೆ ನಿಧಾನ ಒರೆಸಿಕೊಂಡರು.

"ಹಸಿ ಇದೆ."

"ದುರಸ್ತಿ ಮಾಡ್ತಿದ್ದೆ ಸರ್. ಬಣ್ಣ ಉದುರಿತ್ತು."

"ಹೌದಾ. ನಿಮ್ಮ ಅಜ್ಜ ಹೇಗಿದ್ದಾರೆ? ಮಾತುಕತೆ ಎಲ್ಲ ಉಂಟಾ?"

"ಇಲ್ಲ ಸರ್. ನೆನಪು ಪೂರ್ತಿ ಹೋಗಿದೆ. ನನ್ನ ಗುರುತೇ ಹಿಡಿಯಲ್ಲ."

"ಪಾಪ. ಹಳೇ ಪರಿಚಯ, ಒಂದ್ಸಲ ನೋಡ್ಕೊಂಡೇ ಹೋಗೋಣ. ಬಾ, ನನ್ನ ಕಾರಲ್ಲೇ ಕೂತ್ಕೋ."

ಕಾರು ಹತ್ತುವ ಮೊದಲೇ ಅವರ ಅಂಗರಕ್ಷಕ ನನ್ನ ಫೋನ್ ಇಸಿದುಕೊಂಡ. ಭದ್ರತೆ ಅಂದ. ದಾರಿಯುದ್ದಕ್ಕೂ ಅಜ್ಜ ಮಲಗಿರಲಿ, ಅಜ್ಜ ಮಲಗಿರಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ನಮ್ಮ ಮನೆ ಎರಡನೇ ಮಹಡಿ. ಮೆಟ್ಟಿಲ ಮೇಲೆ ನನ್ನ ಹೆಜ್ಜೆ ಕೇಳಿಸಿರಬೇಕು. ಕೀಲಿಕೈ ತೆಗೆಯುವ ಮೊದಲೇ ಬಾಗಿಲು ತೆರೆಯಿತು.

"ಪುಟ್ಟೀ, ಇಷ್ಟು ಬೇಗ ಬಂದ್ಬಿಟ್ಯಾ?" ಅಂದ ಅಜ್ಜ.

ಕರ್ನಲ್ ನನ್ನ ಮುಖ ನೋಡಲಿಲ್ಲ. ಹಿಂದಿದ್ದ ಅಂಗರಕ್ಷಕನಿಗೆ, ಇಲ್ಲಿ ಹೊತ್ತಾಗುತ್ತೆ, ಕಾರು ಆಫ್ ಮಾಡಲು ಕೆಳಗೆ ಡ್ರೈವರಿಗೆ ಹೇಳಿ ಬಾ ಅಂದರು.