ಕತ್ತಿನ ಕಂಬಿ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮ ಮಾವನ ಹೆಗ್ಗಣ ನಲವತ್ತಡಿ ಉದ್ದವಿದೆ, ಹಸಿರು ಬಣ್ಣ ಬಳಿದುಕೊಂಡು ಹೆದ್ದಾರಿ ಪಕ್ಕ ನಿಂತಿದೆ. ಐವತ್ತು ವರ್ಷದ ಹಿಂದೆ ಕಂಬಿ, ಜಾಲರಿ, ಸಿಮೆಂಟು ಹಾಕಿ ಮಾವ ಕಟ್ಟಿದ ಒಂಬತ್ತು ಡೈನೋಸಾರ್‌ಗಳಲ್ಲಿ ಅದೇ ದೊಡ್ಡದು. ನಮ್ಮ ಪಾರ್ಕಿಗೆ ಬರುವ ಮಕ್ಕಳೆಲ್ಲ ಬೆನ್ನು ಹತ್ತಿ, ನೆಲದತ್ತ ಬಗ್ಗಿದ ಅದರ ಕತ್ತಿನ ಮೇಲಿಂದ ಜಾರುತ್ತಾರೆ.

ಅದರ ಹೊಟ್ಟೆ ಪೊಳ್ಳು. ವರ್ಷಕ್ಕೊಮ್ಮೆ ಯಾರಾದರೂ ಅಡಿಯ ಕಿಂಡಿಯಿಂದ ನುಸುಳಿ, ಕತ್ತಿನವರೆಗೆ ತೆವಳಿ, ಕಂಬಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಬೇಕು. ಮಾವನಿಗೆ ಮೊಣಕಾಲು ಮಡಚಲು ಆಗದ ಮೇಲೆ ಆ ಕೆಲಸ ನನ್ನ ಗಂಡನದಾಗಿತ್ತು. ಅವನು ಸತ್ತು ನಾಲ್ಕು ತಿಂಗಳು. ಜ್ವರವೆಂದು ಮಲಗಿದವನು ಏಳಲಿಲ್ಲ. ನಾನಿನ್ನೂ ಅತ್ತಿಲ್ಲ. ಕಲ್ಲು ಮನಸ್ಸಿನವಳು ಎಂದು ನಾದಿನಿ ಊರೆಲ್ಲ ಹೇಳಿಕೊಂಡು ಬಂದಳು, ಹೇಳಲಿ. ಏನೂ ಅನ್ನಿಸುತ್ತಿಲ್ಲ, ನಾನೇನು ಮಾಡಲಿ?

ಈ ಸಲ ಕಿಂಡಿಯಲ್ಲಿ ಹಿಡಿಸುವ ಮೈ ನನ್ನದೊಂದೇ. ಪಾರ್ಕಿನ ಸುರಕ್ಷತೆ ನೋಡಲು ಬಂದಿದ್ದ ಸರ್ಕಾರದ ತಪಾಸಣೆಯವನು ಕಾಗದ ಹಿಡಿದು ಹೊರಗೆ ನಿಂತಿದ್ದ. ಕಂಬಿ ಗಟ್ಟಿಯಿದ್ದರೆ ಕತ್ತು ಉಳಿಯುತ್ತದೆ, ಇಲ್ಲದಿದ್ದರೆ ಇವತ್ತೇ ಕತ್ತರಿಸಬೇಕು.

“ಗಟ್ಟಿಯಾಗೇ ಇರುತ್ತೆ ಬಿಡಮ್ಮ. ಹೋದ್ವರ್ಷ ಅವನೇ ನೋಡಿ ಹೇಳಿದ್ನಲ್ಲ, ಇನ್ನೂ ನೂರು ವರ್ಷ ಏನೂ ಆಗಲ್ಲ ಅಂತ,” ಎಂದರು ಮಾವ. ಮಗ ಹೇಳಿದನೆಂದರೆ ಮುಗಿಯಿತು, ಅವರಿಗೆ ಎರಡನೇ ಮಾತಿಲ್ಲ.

ಒಳಗೆ ತೆವಳಿ ಟಾರ್ಚ್ ಹಾಕಿದೆ. ಕತ್ತಿನ ಬುಡದ ಕಂಬಿಗಳಿಗೆ ಅಚ್ಚುಕಟ್ಟಾಗಿ ಕೆಂಪು ಬಣ್ಣ ಬಳಿದಿತ್ತು. ಬೆರಳಿಂದ ಒತ್ತಿದೆ. ಬಣ್ಣದ ಸಿಪ್ಪೆ ಕಳಚಿ, ಕಂಬಿ ಪುಡಿಪುಡಿಯಾಗಿ ಅಂಗೈಗೆ ಬಿತ್ತು. ಬಣ್ಣ ಮೂರು ಪದರವಿತ್ತು, ವರ್ಷಕ್ಕೊಂದು. ಮೂರು ವರ್ಷ ನನ್ನ ಗಂಡ ಗೊತ್ತಿದ್ದೂ ಅಪ್ಪನಿಗೆ ಸುಳ್ಳು ಹೇಳಿದ್ದ; ಮೂರು ವರ್ಷ ಕಂಡವರ ಮಕ್ಕಳು ಆ ಕತ್ತಿನ ಮೇಲೆ ಜಾರಿದ್ದರು. ಅಯ್ಯೋ ಪುಣ್ಯಾತ್ಮಾ, ಅಪ್ಪನ ಮನಸ್ಸು ನೋಯುತ್ತದೆ ಎಂದು ಹೀಗಾ ಮಾಡುವುದು? ಸಿಟ್ಟಾದರೂ ಬರಬೇಕಿತ್ತು. ಅದೂ ಬರಲಿಲ್ಲ.

ಹೊರಗೆ ಬಂದು ಮೊಣಕೈಯ ಧೂಳು ಕೊಡವಿದೆ.

“ಕಂಬಿ ಹೋಗಿದೆ ಮಾವ. ಕತ್ತು ತೆಗೆಸಿಬಿಡಿ.”

ಮಾವ ನನ್ನನ್ನೇ ನೋಡಿದರು. “ಹೋದ್ವರ್ಷ ಚೆನ್ನಾಗಿತ್ತಲ್ಲ?”

“ಹೂಂ, ಚೆನ್ನಾಗಿತ್ತು. ಈ ಒಂದು ವರ್ಷದಲ್ಲೇ ತುಕ್ಕು ಹಿಡಿದಿದೆ.”

ಜೀವಮಾನವೆಲ್ಲ ಕಂಬಿ ಬಗ್ಗಿಸಿದ ಮನುಷ್ಯನಿಗೆ ಹೇಳುವ ಸುಳ್ಳೇ ಅದು? ಹೆಬ್ಬೆರಳು ದಪ್ಪದ ಕಬ್ಬಿಣ ಒಂದೇ ವರ್ಷಕ್ಕೆ ಪುಡಿಯಾಗುವುದಿಲ್ಲವೆಂದು ಅವರಿಗೆ ಗೊತ್ತಿಲ್ಲವೇ? ನನ್ನ ಅಂಗೈಗೆ ಅಂಟಿದ್ದ ಕೆಂಪು ಸಿಪ್ಪೆಯನ್ನು ನೋಡಿದರು. ಅದನ್ನು ತಮ್ಮ ಹೆಬ್ಬೆರಳಿಂದ ಒರೆಸಿಹಾಕಿದರು.

“ಈ ವರ್ಷ ಮಳೆ ಜಾಸ್ತಿ ಆಯ್ತಲ್ಲ, ಅದಕ್ಕೇ,” ಎಂದರು.

ತಪಾಸಣೆಯವನು ಬರೆಯುವುದನ್ನು ನಿಲ್ಲಿಸಿದ. “ಏನಜ್ಜ, ತಮಾಷೆನಾ? ಈ ವರ್ಷ ಎಲ್ಲಿ ಬಂತು ಮಳೆ? ಒಂದು ಹನಿ ಬಿದ್ದಿಲ್ಲ.”

“ಇಲ್ಲಿ ಬಂತು,” ಎಂದರು ಮಾವ. ಆ ಹಸಿರು ಕತ್ತಿನ ಮೇಲೆ ಕೈಯಿಟ್ಟರು.

ಅವನು ನನ್ನ ಕಡೆ ತಿರುಗಿದ.

“ಬಂತು ಸಾರ್, ತುಂಬಾ ಬಂತು,” ಎಂದೆ. “ಬರ್ಕೊಳ್ಳಿ.”