ಇಳಿತದ ಮೈದಾನ

ಪುಂತಾ ಸೆರೇನಾ ಎಂಬ ಕಡಲೂರಿನ ಮೈದಾನ ದಿನಕ್ಕೆರಡು ಸಲ ಸಮುದ್ರದೊಳಗಿಂದ ಎದ್ದು ಬರುತ್ತದೆ, ಎರಡು ಸಲ ಮುಳುಗುತ್ತದೆ. ನೀರು ಇಳಿಯುವಾಗ ಮೊದಲು ಕಾಣುವುದು ಗೋಲಿನ ಬಿದಿರುಗಳ ತುದಿ. ಆಮೇಲೆ ಒದ್ದೆ ಮರಳು, ಮರಳಿನೊಳಗೆ ಆಕಾಶ. ಅಲ್ಲಿಯ ಫುಟ್‌ಬಾಲ್ ಆಟಕ್ಕೆ ಗಡಿಯಾರವಿಲ್ಲ. ಅಲೆ ಮರಳಿ ಬಂದು ಸಮುದ್ರದ ಕಡೆಯ ಗೋಲನ್ನು ಮುಟ್ಟಿದರೆ ಆಟ ಮುಗಿಯಿತು.

ಆ ಬೆಳಿಗ್ಗೆ ಊರಿಗೆ ಊರೇ ಮರಳಿನ ಮೇಲಿತ್ತು. ಎಲ್ಕಿನ್‌ಗೆ ಹದಿನೆಂಟು ತುಂಬಿ ಒಂಬತ್ತು ದಿನವಾಗಿತ್ತು. ಮಧ್ಯಾಹ್ನ ನೀರೇರಿದ ಮೇಲೆ ಕಾಸಿಮಿರೋನ ದೋಣಿ ಅವನನ್ನು ಗ್ವಾಪಿ ಪಟ್ಟಣಕ್ಕೆ ಒಯ್ಯುತ್ತದೆ. ಅಲ್ಲಿಂದ ಒಂದು ವಿಮಾನ, ಆಮೇಲೆ ಇನ್ನೊಂದು, ಆಮೇಲೆ ಜರ್ಮನಿ. ಅವನನ್ನು ಕರೆಸಿಕೊಂಡ ಕ್ಲಬ್ಬಿನ ಹೆಸರನ್ನು ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು. ಅಲ್ಲಿ ಅರವತ್ತು ಸಾವಿರ ಜನ ಕೂತು ಆಟ ನೋಡುತ್ತಾರೆ ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿರಲಿಲ್ಲ.

ಅಕ್ಕ ನೆರೇಯಿದಾ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಕಾಂಡ್ಲಾ ಕಾಡಿನ ಕೆಸರಿನಲ್ಲಿ ಕಪ್ಪೆಚಿಪ್ಪು ಹೆಕ್ಕುವುದು ಅವಳ ಕೆಲಸ. ಅವತ್ತು ಹೋಗಿರಲಿಲ್ಲ. ಪಕ್ಕದಲ್ಲಿ ಅಜ್ಜಿ ಸಾತುರ್ನಿನಾ, ಕಣ್ಣಿನಲ್ಲಿ ಈಗ ಬೆಳಕು ನೆರಳು ಬಿಟ್ಟರೆ ಬೇರೇನೂ ಇಲ್ಲ.

"ಓಡ್ತಾ ಇದಾನಾ?" ಅಜ್ಜಿ ಕೇಳಿದಳು.

"ಓಡ್ತಾ ಇದಾನೆ ಅಜ್ಜಿ."

"ಓಡದೆ ಏನ್ಮಾಡ್ತಾನೆ. ಜಿಂಕೆ ಅಲ್ವಾ ಹೊಕ್ಕುಳಲ್ಲಿ ಇರೋದು."

ಆ ಊರಿನಲ್ಲಿ ಮಗುವಿನ ಹೊಕ್ಕುಳಬಳ್ಳಿ ಬಿದ್ದ ದಿನ ಗಾಯದ ಮೇಲೆ ಒಂದು ಚಿಟಿಕೆ ಪುಡಿ ಉದುರಿಸುತ್ತಾರೆ. ದುಡಿಮೆಗಾರನಾಗಲೆಂದು ಇರುವೆಯ ಪುಡಿ, ಯಾರ ಕೈಗೂ ಸಿಗದೆ ಜಾರಲೆಂದು ಹಾವುಮೀನಿನ ಮುಳ್ಳಿನ ಪುಡಿ. ಏನು ಬಿತ್ತೋ ಮಗು ಅದೇ ಆಗುತ್ತದೆ. ಸಾತುರ್ನಿನಾ ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವಳು. ತನ್ನ ಮೊಮ್ಮಗನಿಗೆಂದು ಮಲೆಯಿಂದ ಜಿಂಕೆಯ ಗೊರಸು ತರಿಸಿ, ತೇಯ್ದು, ಪುಟ್ಟ ಸೀಸೆಯಲ್ಲಿ ಇಟ್ಟಿದ್ದಳು. ಹುಡುಗ ಆಟದಲ್ಲಿ ಹೆಸರು ಮಾಡಿದಾಗ ಈ ಮಾತು ಊರು ದಾಟಿತು. ಪತ್ರಿಕೆಯವರು ಅವನನ್ನು 'ಜಿಂಕೆ' ಎಂದೇ ಬರೆಯತೊಡಗಿದರು. ಆಟಗಾರರನ್ನು ಹುಡುಕಿಕೊಂಡು ಜರ್ಮನಿಯಿಂದ ಬಂದಿದ್ದ ಕೆಂಪು ಮುಖದ ಮನುಷ್ಯನಿಗೂ ಅಜ್ಜಿ ಆ ಸೀಸೆ ತೋರಿಸಿ ಕಥೆ ಹೇಳಿದ್ದಳು. ಅವನು ಫೋಟೊ ತೆಗೆದುಕೊಂಡು ಹೋಗಿದ್ದ.

ಸೀಸೆ ಯಾಕೆ ಖಾಲಿಯಾಗಿತ್ತೆಂದು ನೆರೇಯಿದಾಗೆ ಮಾತ್ರ ಗೊತ್ತಿತ್ತು.

ಆಗ ಅವಳಿಗೆ ಎಂಟು ವರ್ಷ. ಅಮ್ಮ ಹೆರಿಗೆಯ ಸುಸ್ತಿನಲ್ಲಿ ಮಲಗಿದ್ದಳು. ಸ್ವಲ್ಪ ದಿನಕ್ಕೆಲ್ಲ ರಾಜಧಾನಿ ಬೊಗೊಟಾಕ್ಕೆ ಮನೆಗೆಲಸಕ್ಕೆಂದು ಹೊರಟವಳು, ಮತ್ತೆ ಬಂದು ಹೋಗುವ ನೆಂಟಳಾದಳು. ಬಳ್ಳಿ ಬಿದ್ದ ಆ ದಿನ, ಪುಡಿ ತಾ ಎಂದು ಅಜ್ಜಿ ಒಳಗಿನಿಂದ ಕೂಗಿದಳು. ಸೀಸೆಯ ಮುಚ್ಚಳ ತೆಗೆಯುವಾಗ ಕೈ ಜಾರಿತು. ಅವರದು ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆ, ನೆಲದ ಹಲಗೆಗಳ ನಡುವೆ ಬೆರಳಗಲದ ಸಂದು. ಅಷ್ಟೂ ಪುಡಿ ಆ ಸಂದಿನಿಂದ ಇಳಿಯಿತು. ಕೆಳಗೆ ಉಬ್ಬರದ ನೀರು ತುಂಬಿ, ಬಿಸಿಲು ಓರೆಯಾಗಿ ಬಿದ್ದಿತ್ತು. ಪುಡಿ ಬೆಳಕಿನಲ್ಲಿ ನಿಧಾನವಾಗಿ ಇಳಿಯಿತು. ಒಂದು ಮೀನು ಬಂದು ಬಾಯಿ ತೆರೆಯಿತು. ಈಗಲೂ ಅವಳ ಕನಸಿನಲ್ಲಿ ಆ ಮೀನು ನೀರು ಬಿಟ್ಟು ನೆಗೆಯುತ್ತದೆ, ನೆಗೆದು ಕಾಡಿನ ಕಡೆ ಓಡುತ್ತದೆ.

ಅಜ್ಜಿ ಮತ್ತೆ ಕೂಗಿದಳು. ನೆರೇಯಿದಾ ಮೂಲೆಯಲ್ಲಿದ್ದ ಒಂದು ಕಪ್ಪೆಚಿಪ್ಪನ್ನು ಚಾಕುವಿನಿಂದ ಹೆರೆದು, ಬಂದ ಪುಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಹೋದಳು. ಹೆದರಿಕೆಯಿಂದ ಮಾಡಿದೆ ಎಂದು ಬಹಳ ವರ್ಷ ಅಂದುಕೊಂಡಿದ್ದಳು. ಆದರೆ ಮನೆಯಲ್ಲಿ ಬೇರೆ ಪುಡಿಗಳೂ ಇದ್ದವು. ಕೆಸರು ಬಿಟ್ಟು ಕದಲದ ಕಪ್ಪೆಚಿಪ್ಪೇ ಯಾಕೆ ಕೈಗೆ ಬಂತು? ಅಮ್ಮ ಹೊರಡುವ ಮಾತು ಆಗಲೇ ಮನೆಯಲ್ಲಿ ನಡೆದಿತ್ತು. ಈ ಮಗುವಾದರೂ ಹೋಗದಿರಲಿ ಎಂದು ಎಂಟು ವರ್ಷದ ಕೈಗೆ ಅನ್ನಿಸಿರಬೇಕು.

ಎಲ್ಕಿನ್ ಹದಿನಾಲ್ಕರಲ್ಲಿ ಬೊಗೊಟಾದ ತರಬೇತಿ ಶಾಲೆಗೆ ಹೋದವನು ಮೂರು ತಿಂಗಳಿಗೆ ಓಡಿ ಬಂದ. ಮನೆಯ ಕೆಳಗೆ ನೀರಿನ ಸದ್ದಿಲ್ಲ, ನಿದ್ದೆ ಹತ್ತಲ್ಲ ಎಂದ. ಎಳೆಯ ಹುಡುಗ, ಮನೆ ನೆನಪಾಗಿದೆ ಎಂದು ಊರು ನಕ್ಕಿತು. ನೆರೇಯಿದಾ ನಗಲಿಲ್ಲ. ಆಮೇಲೆ ಅವನು ಬಂದರು ಪಟ್ಟಣ ಬ್ವೆನಾವೆಂತುರಾದ ತಂಡದಲ್ಲಿ ಬೆಳೆದ. ಅದು ದೋಣಿಯಲ್ಲಿ ಹೋಗಿಬರುವಷ್ಟು ದೂರ, ಹದಿನೈದು ದಿನಕ್ಕೊಮ್ಮೆ ಬಂದು ಅದೇ ಹಲಗೆಯ ಮೇಲೆ ಮಲಗಿ ಹೋಗುತ್ತಿದ್ದ. ಜರ್ಮನಿಯಿಂದ ಹಾಗೆ ಬರಲಾಗುವುದಿಲ್ಲ. ಅಲ್ಲಿಂದಲೂ ಅವನು ಓಡಿ ಬಂದರೆ ಮತ್ತೆ ಯಾರೂ ಕರೆಯುವುದಿಲ್ಲ. ತಪ್ಪು ಅವನದೆಂದೇ ಅವನು ಸಾಯುವವರೆಗೆ ತಿಳಿದಿರುತ್ತಾನೆ. ಹೇಳಿಬಿಟ್ಟರೆ? ಜಿಂಕೆಯನ್ನು ನಂಬಿ ಓಡುವ ಕಾಲು ಅಲ್ಲೇ ನಿಂತುಬಿಟ್ಟರೆ?

ನೀರು ತಿರುಗಿತ್ತು. ದೂರದಲ್ಲಿ ಬಿಳಿ ಗೆರೆಯೊಂದು ಹತ್ತಿರವಾಗುತ್ತಿತ್ತು.

ಮೈದಾನದಲ್ಲಿ ಲಿಬಾರ್ದೋ ಎನ್ನುವ ದಢೂತಿ ಮೀನುಗಾರ ಎಲ್ಕಿನ್‌ಗೆ ಭುಜದಿಂದ ಗುದ್ದಿ ತಾನೇ ಮರಳಿನ ಮೇಲೆ ಬಿದ್ದ. ಕಾಸಿಮಿರೋ ದಡದಿಂದ ಅವನಿಗೆ, "ಏಳಪ್ಪಾ, ಮಧ್ಯಾಹ್ನ ನನ್ನ ದೋಣಿಗೆ ಲಂಗರು ಬೇಕಾಗಿತ್ತು, ನಿನ್ನನ್ನೇ ಕಟ್ಟಿಬಿಡ್ತೀನಿ" ಎಂದ. ಎಲ್ಲರೂ ನಕ್ಕರು. ನೆರೇಯಿದಾ ತಮ್ಮನ ಪಾದ ನೋಡುತ್ತಿದ್ದಳು. ಒದ್ದೆ ಮರಳಿನಲ್ಲಿ ಅವು ಕಣಕಾಲಿನವರೆಗೆ ಹೂತು, ಎತ್ತಿ, ಮತ್ತೆ ಹೂತು ಹೋಗುತ್ತಿದ್ದವು. ಇಬ್ಬರು ಹುಡುಗರು ಅವನಿಗಿಂತ ಜೋರಾಗಿ ಓಡುತ್ತಿದ್ದರು. ಬೀಳದವನು ಅವನೊಬ್ಬನೇ.

ಅಲೆ ಬಂದು ಗೋಲನ್ನು ಮುಟ್ಟಿತು. ಆಟ ಮುಗಿಯಿತು.

ಮನೆಯಲ್ಲಿ ತೆಂಗಿನ ಹಾಲಿನ ಅನ್ನ, ಕರಿದ ಮೀನು, ಬಾಳೆಕಾಯಿ. ಊಟವಾದ ಮೇಲೆ ಅಜ್ಜಿ ತೂಗುಮಂಚದಲ್ಲಿ ಕಣ್ಣು ಮುಚ್ಚಿದಳು. ಎಲ್ಕಿನ್ ಏಣಿಯ ಕೊನೆಯ ಮೆಟ್ಟಿಲಲ್ಲಿ ಕೂತು ಏರುತ್ತಿದ್ದ ನೀರಿಗೆ ಕಾಲು ಇಳಿಬಿಟ್ಟಿದ್ದ. ನೆರೇಯಿದಾ ಅವನ ಮೇಲಿನ ಮೆಟ್ಟಿಲಲ್ಲಿ ಕೂತಳು. ಅವನ ಬೆನ್ನಿಗೆ ಹೇಳುವುದು ಸುಲಭವೆನಿಸಿತು. ಸೀಸೆ, ಸಂದು, ಮೀನು, ಚಾಕು, ಎಲ್ಲ ಹೇಳಿದಳು. ನೀರು ಅವನ ಮಂಡಿಗೆ ಬರುವಷ್ಟು ಹೊತ್ತು ಹಿಡಿಯಿತು.

ಅವನು ತಿರುಗಲಿಲ್ಲ. "ಹಾಗಾದ್ರೆ ನಾನು ಜಿಂಕೆ ಅಲ್ಲ," ಎಂದ.

"ಅಲ್ಲ."

"ಆ ಕೆಂಪು ಮುಖದವನಿಗೆ ಗೊತ್ತಿತ್ತು ಅನ್ಸುತ್ತೆ ಅಕ್ಕ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಓಡಿಸ್ದ. ನಾನು ನಾಲ್ಕನೇವ್ನು. ಆದ್ರೂ ನನ್ನನ್ನೇ ಕರೆದ. ಇವನ ಕಾಲಿಂದ ಚೆಂಡು ಕೀಳೋಕೆ ಆಗಲ್ಲ ಅಂತ ಬರ್ಕೊಂಡಿದ್ದ, ದುಭಾಷಿ ಓದಿ ಹೇಳ್ದ." ಕಾಲಿನಿಂದ ನೀರು ಚಿಮ್ಮಿಸಿ, "ಜಿಂಕೆ ಅಂದೋರು ನಮ್ಮೂರೋರು, ಪೇಪರ್‌ನೋರು ಅಷ್ಟೇ" ಎಂದ.

ಬೊಗೊಟಾದಿಂದ ಓಡಿ ಬಂದಿದ್ದು ಅದರಿಂದಲೇ ಇರಬೇಕು ಎಂದು ನೆರೇಯಿದಾ ಹೇಳಿದಳು. ಕಪ್ಪೆಚಿಪ್ಪು ಕೆಸರು ಬಿಟ್ಟು ಬದುಕುವುದಿಲ್ಲ, ಅಲ್ಲಿಯೂ ಹಾಗಾದರೆ ನನ್ನನ್ನು ಬೈ, ನಿನ್ನನ್ನು ಬೈದುಕೊಳ್ಳಬೇಡ ಎಂದಳು.

ಎಲ್ಕಿನ್ ಈಗ ತಿರುಗಿದ. "ನಾನು ಚಿಕ್ಕವನಿದ್ದಾಗ ಕೆಸರಿಗೆ ಕರ್ಕೊಂಡು ಹೋಗ್ತಿದ್ದೆಯಲ್ಲ, ಆಗ ಸಣ್ಣ ಚಿಪ್ಪುಗಳನ್ನ ಏನ್ಮಾಡ್ತಿದ್ದೆ?"

"ವಾಪಸ್ ಹಾಕ್ತಿದ್ದೆ. ಬೆಳೀಲಿ ಅಂತ."

"ಕಿತ್ತ ಜಾಗಕ್ಕೇ ಹಾಕ್ತಿದ್ಯಾ?"

ಬುಟ್ಟಿ ತುಂಬುವ ಹೊತ್ತಿಗೆ ಅವಳು ಯಾವ ಬೇರಿನ ಬುಡದಲ್ಲಿರುತ್ತಿದ್ದಳೋ ಅಲ್ಲಿಗೇ ಎಸೆಯುತ್ತಿದ್ದಳು. ಎಷ್ಟೋ ಸಲ ಬೇರೆ ಹಳ್ಳದಲ್ಲಿ, ದೋಣಿಯಲ್ಲಿ ಬಹಳ ದೂರ ಬಂದ ಮೇಲೆ. ಪಾಪ, ಸಾಯುತ್ತವಾ ಎಂದು ಈ ಹುಡುಗ ಪ್ರತಿ ಸಲ ಕೇಳುತ್ತಿದ್ದ. ಇಲ್ಲ, ಯಾವ ಕೆಸರು ಸಿಕ್ಕರೂ ಸಾಕು, ನಾಳೆ ಬಂದು ನೋಡು, ಬೆರಳು ಹಾಕಿ ಕೀಳಬೇಕಾಗುತ್ತದೆ ಎಂದು ಅವಳೇ ಹೇಳುತ್ತಿದ್ದಳು. ಹದಿನೆಂಟು ವರ್ಷ ದಿನವೂ ಕೈಯಲ್ಲಿ ಹಿಡಿದಿದ್ದನ್ನು ಅವಳು ನೋಡಿರಲಿಲ್ಲ.

"ಬೊಗೊಟಾದಲ್ಲಿ ಮೂರೇ ತಿಂಗ್ಳು ಇದ್ದೆ," ಎಂದ ಅವನು. "ಕಾಲು ಇಳಿಸೋಕೆ ಮೊದ್ಲೇ ಕಿತ್ಕೊಂಡು ಬಂದ್ಬಿಟ್ಟೆ. ಈ ಸಲ ಇಳಿಸ್ತೀನಿ."

ಅವನ ಮುಖ ಹಗುರವಾಗಿತ್ತು. ನೆರೇಯಿದಾ ಆ ಮುಖ ನೋಡಿ ಅದುವರೆಗೂ ತಾನು ಹೆದರಿದ್ದು ಯಾವುದಕ್ಕೆಂದು ತಿಳಿದುಕೊಂಡಳು. ಅವನು ಸೋತು ಬರುವುದಕ್ಕಲ್ಲ, ಬಾರದೇ ಹೋಗುವುದಕ್ಕೆ. ಅವಳ ಗಂಡ ಎರಡು ವರ್ಷದ ಹಿಂದೆ ಬಲೆ ಹಾಕಲು ಹೋಗಿದ್ದ, ದೋಣಿಯೊಂದೇ ಬಂದಿತ್ತು. ಈಗ ತಮ್ಮ ಹೋಗುತ್ತಾನೆ, ಅಲ್ಲಿಯ ಮಣ್ಣಿಗೆ ಕಾಲಿಳಿಸುತ್ತಾನೆ, ಕೀಳಲಾಗುವುದಿಲ್ಲ. ಅವನು ಇರಲೆಂದು ಹಾಕಿದ ಪುಡಿಯೇ ಅವನನ್ನು ಅಲ್ಲಿ ಹಿಡಿದಿಡುತ್ತದೆ.

"ಅಲ್ಲೇ ಕಚ್ಕೊಂಡ್ಬಿಡ್ತೀನಾ ಅಕ್ಕ?" ಅವನು ಕೇಳಿದ. ತಮಾಷೆಗೆ ಕೇಳಿದ್ದು, ಆದರೆ ಉತ್ತರಕ್ಕೆ ಕಾದಿದ್ದ.

ಇಲ್ಲ ಎನ್ನಬಹುದಿತ್ತು. ಒಂದು ಸಲ ಸುಳ್ಳು ಪುಡಿ ಕೊಟ್ಟಾಗಿತ್ತು.

"ಕಚ್ಕೊ," ಎಂದಳು. "ಗಟ್ಟಿಯಾಗಿ ಕಚ್ಕೊ."

ಅಜ್ಜಿಗೆ ಹೇಳಬೇಡ ಎಂದು ಇಬ್ಬರೂ ಒಟ್ಟಿಗೆ ಹೇಳಿದರು, ಒಟ್ಟಿಗೆ ನಕ್ಕರು.

ಮೂರು ಗಂಟೆಗೆ ನೀರು ತುಂಬುತ್ತ ಬಂತು. ದೋಣಿ ಮನೆಯ ಕಂಬಕ್ಕೇ ಬಂದು ನಿಂತಿತು. ಅಜ್ಜಿ ಎಲ್ಕಿನ್‌ನ ಅಂಗಿ ಎತ್ತಿಸಿ ಹೊಕ್ಕುಳ ಮೇಲೆ ಹೆಬ್ಬೆರಳಿಟ್ಟು, ಓಡು ಜಿಂಕೇ ಎಂದಳು. ಅವನು ಬಗ್ಗಿ ಅವಳ ನೆತ್ತಿಗೆ ಮುತ್ತಿಟ್ಟು, ಆಗಲಿ ಅಜ್ಜಿ ಎಂದ.

ಮೈದಾನವಿದ್ದ ಕಡೆ ಈಗ ಬರೀ ಹಸಿರು ನೀರು. ನಾಲ್ಕು ಬಿದಿರಿನ ತುದಿಗಳು ಮಾತ್ರ ಇನ್ನೂ ಮುಳುಗದೆ ಮೊಳದಷ್ಟು ಮೇಲಿದ್ದವು. ದೋಣಿ ನೇರ ಸಮುದ್ರಕ್ಕೆ ಹೋಗಬೇಕಿತ್ತು. ಆದರೆ ಕಾಸಿಮಿರೋ ದಾರಿ ಬಿಟ್ಟು ಮೈದಾನದ ಮೇಲೆ ತಿರುಗಿಸಿದ, ಯಂತ್ರದ ಸದ್ದು ಇಳಿಸಿದ. ದೋಣಿ ಬೆಳಿಗ್ಗೆಯ ಹೆಜ್ಜೆಗುರುತುಗಳ ಮೇಲೆ ತೇಲಿಕೊಂಡು ಹೋಯಿತು. ಎಲ್ಕಿನ್ ನಿಂತೇ ಇದ್ದ. ಅಲೆ ದೋಣಿಯನ್ನು ಎತ್ತಿ ಇಳಿಸಿದರೂ ಅವನು ಎಲ್ಲಿಯೂ ಹಿಡಿದುಕೊಳ್ಳಲಿಲ್ಲ, ಅಲುಗಲೂ ಇಲ್ಲ. ಸಮುದ್ರದ ಕಡೆಯ ಎರಡು ಬಿದಿರುಗಳ ನಡುವೆ ದೋಣಿ ಮೆಲ್ಲಗೆ ಹಾದು ಆಚೆ ಹೋಯಿತು.

ದಡದಲ್ಲಿ ಯಾರೂ ಕೂಗಲಿಲ್ಲ.

"ಏನಾಯ್ತು?" ಅಜ್ಜಿ ಕೇಳಿದಳು.

"ಗೋಲು ಅಜ್ಜಿ," ಎಂದಳು ನೆರೇಯಿದಾ.