ಮಾವನಿಗೆ ಎರಡೇ ಬಕೆಟ್ ನೀರು

ಕಾಂಕ್ರೀಟ್ ಕಲಸುವ ಮಿಷನ್ನಿಗೆ ಕುಂಕುಮ ಹಚ್ಚಿ ಬೂದುಗುಂಬಳಕಾಯಿ ಒಡೆದದ್ದೇ ತಡ, ಅಯ್ಯಮ್ಮನ ಎದೆ ಡವಡವ ಅನ್ನೋಕೆ ಶುರುವಾಯ್ತು. ಮತ್ತೆ, ಸುಮ್ನೇನಾ! ಹನ್ನೊಂದು ವರ್ಷ ತಲೆ ಮೇಲೆ ಬಾಂಡ್ಲಿ ಹೊತ್ತವಳು ಇವತ್ತು ಮೇಸ್ತ್ರಿ. ತೊಂಬತ್ತೆಂಟನೇ ಇಸವಿ, ಇಂದಿರಾನಗರದ ಒಂದು ಮನೆಗೆ ಅವತ್ತು ತಾರಸಿ ಹಾಕುವ ದಿನ. ಹಳೇ ಮೇಸ್ತ್ರಿ ಕಾಮಾಲೆ ಅಂತ ಊರಿಗೆ ಹೋಗಿ ಮಲಗಿದ್ದ.

"ನೋಡಮ್ಮ," ಅಂದಿದ್ದ ಕಂಟ್ರಾಕ್ಟರ್ ಮುನಿನಾರಾಯಣಪ್ಪ, "ನಾಲ್ಕು ಗಂಟೆ ಒಳಗೆ ಮುಗೀಬೇಕು. ಮಧ್ಯೆ ಕೆಲಸ ನಿಂತು ಜಾಯಿಂಟ್ ಬಿತ್ತೋ, ತಾರಸಿ ಸೋರುತ್ತೆ, ನನ್ನ ಮಾನ ಹೋಗುತ್ತೆ. ನೆಟ್ಟಗೆ ಮಾಡಿಸಿದ್ರೆ ಟಿನ್ ಫ್ಯಾಕ್ಟರಿ ಹತ್ರದ ಮೂರಂತಸ್ತಿನ ಬಿಲ್ಡಿಂಗಿಗೂ ನೀನೇ ಮೇಸ್ತ್ರಿ. ಇಲ್ಲಾಂದ್ರೆ ನಾಳೆಯಿಂದ ವಾಪಸ್ ಬಾಂಡ್ಲಿ ಎತ್ಕೋ."

"ಆಗ್ಲಿ ಬಿಡ್ರಿ," ಅಂದಿದ್ದಳು ಅಯ್ಯಮ್ಮ, ಭಾರಿ ಧೈರ್ಯದವಳ ಹಾಗೆ.

ಗ್ಯಾಂಗಿನಲ್ಲಿ ಇಪ್ಪತ್ತೆರಡು ಜನ. ಎಲ್ಲರೂ ಸಿಂಧನೂರು ಕಡೆಯವರು, ಮರ್ಫಿ ಟೌನಿನ ಒಂದೇ ಗಲ್ಲಿಯಲ್ಲಿ ಬಾಡಿಗೆ ರೂಮು, ಸುತ್ತಿ ಬಳಸಿ ಎಲ್ಲರೂ ನೆಂಟರೇ. ಎತ್ತರದವರನ್ನ ಕೆಳಗೆ, ಗಿಡ್ಡಕ್ಕಿದ್ದವರನ್ನ ಸಾರವೆಯ ಮೆಟ್ಟಿಲ ಮೇಲೆ ನಿಲ್ಲಿಸಿ, ಸೊಂಟ ನೋವಿನ ನಾದಿನಿ ಲಕ್ಷ್ಮಿದೇವಿಯನ್ನ ನೆರಳಿಗೆ ಹಾಕಿ, ಅಯ್ಯಮ್ಮ ಸಾಲು ಕಟ್ಟಿದಳು ನೋಡಿ, ಬಾಂಡ್ಲಿಗಳು ಕೈಯಿಂದ ಕೈಗೆ ಹಾರಾಡೋಕೆ ಶುರುವಾದವು! ತಾರಸಿ ಮೇಲೆ ಗಂಡ ಬಸು ಕಾಂಕ್ರೀಟ್ ಹರಡುತ್ತಿದ್ದ. ಕೆಳಗೆ ಮಿಷನ್ ಹತ್ತಿರ ಮಾವ ಹುಸೇನಪ್ಪ ಜಲ್ಲಿ, ಮರಳು, ಸಿಮೆಂಟು ಹಾಕಿಸಿ ನೀರು ಸುರಿಯುತ್ತಿದ್ದ. "ಇಷ್ಟೇನಾ ಮೇಸ್ತ್ರಿಕೆ!" ಅನ್ನಿಸಿಬಿಟ್ಟಿತು ಅವಳಿಗೆ.

ಹತ್ತು ಗಂಟೆಗೆ ಗೊತ್ತಾಯ್ತು, ಎಷ್ಟು ಅಂತ.

ತಾರಸಿ ಮೇಲೆ ಹತ್ತಿ ನೋಡ್ತಾಳೆ, ಮೂಲೆಯಲ್ಲಿ ಕಾಂಕ್ರೀಟ್ ಗಂಜಿ ಗಂಜಿಯಾಗಿ ಹರೀತಿದೆ. ಕೆಳಗಿನ ತಗಡಿನ ಸಂದಿಯಿಂದ ಸಿಮೆಂಟಿನ ಹಾಲು ತೊಟ್ಟಿಕ್ಕುತ್ತಿದೆ. ನೀರು ಜಾಸ್ತಿ! ಹೀಗೇ ಬಿಟ್ಟರೆ ತಾರಸಿ ಗಟ್ಟಿ ನಿಲ್ಲೋದಿಲ್ಲ. ಮಾವನಿಗೆ ಒಂದು ಮಾತು ಹೇಳಿದರೆ ಮುಗೀತು. ಆದರೆ ಹೇಳೋದು ಹೇಗೆ? ಮದುವೆಯಾಗಿ ಹದಿಮೂರು ವರ್ಷ, ಮಾವನ ಎದುರು ತಲೆ ಮೇಲಿನ ಸೆರಗು ಜಾರಿಸಿದವಳಲ್ಲ. ಅನ್ನ ಬೇಕಾ ಅಂತ ಕೇಳೋದಿದ್ದರೂ ಬಾಗಿಲ ಮರೆಯಲ್ಲಿ ನಿಂತು ಮಗುವಿನ ಬಾಯಿಂದ ಕೇಳಿಸೋ ಮನೆತನ ಅವರದು.

"ನೀವ ಹೋಗಿ ಹೇಳ್ರಿ," ಅಂದಳು ಗಂಡನಿಗೆ, "ನೀರು ಹೆಚ್ಚಾಗ್ಯಾದ."

ಬಸು ಇಳಿದು ಹೋದ. ಅಪ್ಪನ ಮುಖ ನೋಡಿದ. ಅಲ್ಲೇ ಇದ್ದ ಕೊಡದಿಂದ ಗಟಗಟ ನೀರು ಕುಡಿದು ವಾಪಸ್ ಬಂದ, ಪುಣ್ಯಾತ್ಮ!

"ಹೇಳಿದ್ರಿ?"

"ಅಪ್ಪ ಕೆಲಸದಾಗ ಅದಾನ," ಅಂತ ತಲೆ ಕೆರೆದುಕೊಂಡ.

ಆಗ ಅಯ್ಯಮ್ಮ ಮಾಡಿದ್ದಾದರೂ ಏನು? ತಾನೇ ಸಲಿಕೆ ಹಿಡಿದು ಆ ಗಂಜಿಗೆ ಒಣ ಸಿಮೆಂಟು ಕಲಸೋಕೆ ನಿಂತಳು. ಬೆವರು ಕಿತ್ತುಕೊಂಡು ಬಂತು. ಅಷ್ಟರಲ್ಲಿ ಸಾಲು ನೋಡೋರೇ ಇಲ್ಲ! ಮೆಟ್ಟಿಲ ಮೇಲೆ ಬಾಂಡ್ಲಿ ಗುಡ್ಡೆ ಬಿತ್ತು, ಖಾಲಿ ಬಾಂಡ್ಲಿ ಕೆಳಗಿಳಿಯಲಿಲ್ಲ, ಒಬ್ಬರಿಗೊಬ್ಬರು ರೇಗಾಡೋಕೆ ಶುರು ಮಾಡಿದರು. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡಿದ್ದ ಮುನಿನಾರಾಯಣಪ್ಪ ಎದ್ದು ನಿಂತು ಗಡಿಯಾರ ನೋಡಿದ.

ಮೇಲಿನಿಂದ ಅಯ್ಯಮ್ಮ ಅದನ್ನ ನೋಡಿದಳು. ಟಿನ್ ಫ್ಯಾಕ್ಟರಿ ಕೆಲಸ ಕೈ ಜಾರುತ್ತಿದೆ ಅಂತ ಖಾತ್ರಿಯಾಯ್ತು. ಸಲಿಕೆ ಬಿಸಾಕಿ ದಡದಡ ಇಳಿದು ನೇರ ಮಿಷನ್ ಮುಂದೆ ಹೋಗಿ ನಿಂತಳು. ಸೆರಗು ಎಲ್ಲಿತ್ತೋ ಅವಳಿಗೇ ಗೊತ್ತಿಲ್ಲ.

"ಮಾವಾ! ಸಿಮೆಂಟ್ ಮೂಟಿಗೆ ಎರಡ ಬಕೆಟ್ ನೀರು ಹಾಕ್ರಿ. ಮೂರು ಹಾಕಬ್ಯಾಡ್ರಿ. ಮ್ಯಾಲೆ ಗಂಜಿ ಆಗ್ಯಾದ!"

ಮಿಷನ್ ಗಡಗಡ ತಿರುಗುತ್ತಲೇ ಇತ್ತು, ಮನುಷ್ಯರು ಮಾತ್ರ ನಿಂತರು. ಲಕ್ಷ್ಮಿದೇವಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಹುಸೇನಪ್ಪ ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟ. ಅಯ್ಯಮ್ಮ ಕದಲಲಿಲ್ಲ.

"ಎಷ್ಟೊತ್ತಾತು ಗಂಜಿ ಆಗಿ?" ಕೇಳಿದ ಹುಸೇನಪ್ಪ.

"ಅರ್ಧ ತಾಸು ಆತ್ರಿ."

"ಅರ್ಧ ತಾಸು! ಇಷ್ಟೊತ್ತು ಬಾಯಾಗ ಏನು ಇಟ್ಕೊಂಡಿದ್ದಿ? ಸಲಿಕೀಲೆ ತುಂಬೋ ಹೆಣ್ಮಕ್ಕಳಿಗೆ ಹಗುರ ಆಗ್ಲಿ ಅಂತ ನಾ ಒಂದು ಬಕೆಟ್ ಹೆಚ್ಚಿಗಿ ಹಾಕಿದೆ. ಮ್ಯಾಲಿಂದು ನನಗ ಇಲ್ಲಿಂದ ಕಾಣ್ತದೇನು? ಎಲ್ಲಾ ನೋಡಾಕಿ ನೀನು. ನೀ ಹೇಳಲಿಲ್ಲಂದ್ರ ನಾ ಯಾರನ್ನ ಕೇಳ್ಲಿ?"

ಅಯ್ಯೋ ದೇವರೇ, ಇಷ್ಟಕ್ಕಾ ತಾನು ಅಷ್ಟು ಹೆದರಿದ್ದು! ನಗು ಬಂತು, ಅಳುವೂ ಬಂತು. ಎರಡಕ್ಕೂ ಪುರುಸೊತ್ತಿರಲಿಲ್ಲ.

ಆಮೇಲೆ ಅಯ್ಯಮ್ಮನ ದನಿ ಕೇಳಬೇಕಿತ್ತು! ಮೂಲೆಯ ಗಂಜಿಯನ್ನ ಪೂರಾ ಕೆರೆಸಿ ತೆಗೆಸಿದಳು. ಬಸುವಿನ ಜೊತೆಗೆ ಇನ್ನೊಬ್ಬನನ್ನ ಹಾಕಿದಳು. ತುಂಬೋ ಹೆಂಗಸರ ಕೈ ಸೋತದ್ದು ಕಂಡು, ಮೆಟ್ಟಿಲಿನವರನ್ನ ಅಲ್ಲಿಗೆ ಕಳಿಸಿ ಜಾಗ ಬದಲಾಯಿಸಿದಳು. ಊಟಕ್ಕೆ ನಾಲ್ಕು ನಾಲ್ಕು ಜನರನ್ನೇ ಬಿಟ್ಟಳು, ಸಾಲು ಒಂದು ಗಳಿಗೆ ನಿಲ್ಲಲಿಲ್ಲ. ತಾನು ಮಾತ್ರ ಒಂದು ಬಾಂಡ್ಲಿಯನ್ನೂ ಮುಟ್ಟಲಿಲ್ಲ. ಕೈ ಕಡಿಯುತ್ತಿತ್ತು, ಸೊಂಟಕ್ಕೆ ಇಟ್ಟುಕೊಂಡು ತಡೆದಳು.

ನಾಲ್ಕಕ್ಕೆ ಹತ್ತು ನಿಮಿಷ ಇರೋವಾಗ ಕೊನೇ ಬಾಂಡ್ಲಿ ಮೇಲೆ ಹೋಯ್ತು. ಹೋ ಅಂತ ಗ್ಯಾಂಗೆಲ್ಲ ಕೂಗಿತು. ಮುನಿನಾರಾಯಣಪ್ಪ ತಾರಸಿ ಸುತ್ತ ಬಗ್ಗಿ ಬಗ್ಗಿ ನೋಡಿ ಇಳಿದು ಬಂದ. "ಸೋಮವಾರ ಟಿನ್ ಫ್ಯಾಕ್ಟರಿ ಹತ್ರ ಬಂದ್ಬಿಡಮ್ಮ, ಗ್ಯಾಂಗ್ ಸಮೇತ," ಅಂದ.

ಶಿವಾಜಿನಗರದಿಂದ ಬಿರಿಯಾನಿ ಬಂತು. ಎಲೆ ಹಾಕಿ ಕೂತವರ ನಡುವೆ ಅಯ್ಯಮ್ಮ ಬಡಿಸುತ್ತಿದ್ದಾಗ ಹಿಂದಿನಿಂದ ಯಾರೋ "ಮೇಸ್ತ್ರಿ" ಅಂದರು. ತನ್ನನ್ನೇ ಅಂತ ಅವಳಿಗೆ ಹೊಳೆಯಲೇ ಇಲ್ಲ. ಇನ್ನೊಂದು ಸಲ ಕರೆದಾಗ ತಿರುಗಿ ನೋಡಿದರೆ ಮಾವ! ಗಡಬಡಿಸಿ ಸೆರಗನ್ನ ತಲೆ ಮೇಲೆ ಎಳೆದುಕೊಂಡಳು.

"ಸೋಮವಾರ ಆ ಕೆಲಸದಾಗ ನಾ ಎಲ್ಲಿ ನಿಂದರ್ಬೇಕು?" ಅಂತ ಕೇಳಿದ ಹುಸೇನಪ್ಪ. ಮೊಮ್ಮಗುವಿನ ಬಾಯಿಂದ ಅಲ್ಲ, ಬಸುವಿನ ಬಾಯಿಂದ ಅಲ್ಲ, ಅವಳನ್ನೇ ಕೇಳಿದ.

ಅಯ್ಯಮ್ಮ ಬಡಿಸೋ ಸೌಟು ಕೆಳಗಿಟ್ಟಳು. "ಮಿಷನ್ ಹತ್ರನ ನಿಂದರ್ರಿ, ಮಾವಾ," ಅಂದಳು. ಆಮೇಲೆ ನಗು ತಡೆಯಲಾರದೆ, "ನೀರು ಮಾತ್ರ ಎರಡ ಬಕೆಟ್," ಅಂದಳು.

"ಹ್ಞೂಂ, ಎರಡ," ಅಂದು ಮಾವ ಎಲೆ ಮುಂದೆ ಕೂತ.